ಮೇನ್‌ಫ್ರೇಮ್ ಕೋಬಾಲ್: ಪಠ್ಯ ಲಿಟರಲ್‌ಗಳಲ್ಲಿ ಕಂಪೈಲರ್ ದೋಷ ಬಂದಾಗ ಎಲ್ಲೆಲ್ಲಿ ಹುಡುಕಬೇಕು?

ಕೋಬಾಲ್ ಹೊಸದಾಗಿ ಕಲಿಯುತ್ತಿರುವವರಿಂದಲೂ, ಬೇರೆ ಭಾಷೆಗಳಲ್ಲಿ ಪಳಗಿ ಮೇನ್‌ಫ್ರೇಮ್‌ಗೆ ಬಂದವರಿಂದಲೂ ಪದೇ ಪದೇ ಬರುವ ಪ್ರಶ್ನೆಯೊಂದಿದೆ: "ಕೋಟ್ ತೆರೆದಿದ್ದೇನೆ, ಮುಚ್ಚಿದ್ದೇನೆ, ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿದೆ, ಆದರೂ ಕಂಪೈಲರ್ ಏಕೆ ಒಪ್ಪುತ್ತಿಲ್ಲ?" ಇದಕ್ಕೆ ಉತ್ತರ ಲಿಟರಲ್‌ನ ಒಳಗಿನ ಮಾತಿನಲ್ಲಿ ಸಿಗುವುದು ಅಪರೂಪ. ಆ ಮಾತು ಸಾಲಿನ ಯಾವ ಕಾಲಮ್‌ನಿಂದ ಯಾವ ಕಾಲಮ್‌ವರೆಗೆ ಹರಡಿದೆ, ಕೋಟ್‌ನಂತೆ ಕಾಣುವ ಗುರುತಿನ ಹಿಂದೆ ನಿಜವಾಗಿ ಯಾವ ಬೈಟ್ ಇದೆ ಎಂಬ ಎರಡು ಸಂಗತಿಗಳನ್ನು ಮೊದಲು ನೋಡಿದರೆ ಹೆಚ್ಚಿನ ದೋಷಗಳು ಅಲ್ಲಿಯೇ ಬಯಲಾಗುತ್ತವೆ.

ಲಿಟರಲ್ ಎಂದರೆ ಪ್ರೋಗ್ರಾಮ್‌ನಲ್ಲಿ ನೇರವಾಗಿ ಬರೆದ ಸ್ಥಿರ ಮೌಲ್ಯ. ಒಂಟಿ (') ಅಥವಾ ಜೋಡಿ (") ಕೋಟ್‌ಗಳ ನಡುವೆ ಬರೆದದ್ದು ಪಠ್ಯ ಲಿಟರಲ್. ಇಲ್ಲಿನ ವಿವರಣೆ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಆದ ಜೆಡ್/ಓಎಸ್ ಮೇಲಿನ ಐಬಿಎಂ ಎಂಟರ್‌ಪ್ರೈಸ್ ಕೋಬಾಲ್ ಕಂಪೈಲರ್‌ಗೆ, ಅದರ ಸ್ಥಿರ ವಿನ್ಯಾಸದ 80 ಕಾಲಮ್‌ಗಳ ಮೂಲ ಸಾಲಿಗೆ ಮತ್ತು ಅಲ್ಲಿ ಪ್ರೋಗ್ರಾಮ್ ತಿದ್ದಲು ಬಳಸುವ ಐಎಸ್‌ಪಿಎಫ್ ಎಡಿಟರ್‌ಗೆ ಸಂಬಂಧಿಸಿದೆ. ಕೋಬಾಲ್ ಪದಗಳನ್ನೂ ಆದೇಶಗಳನ್ನೂ ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಪ್ರೋಗ್ರಾಮ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು.

ನಿಮ್ಮ ಬಳಿ ಇರಬೇಕಾದದ್ದು ಮೂರು. ಮೊದಲನೆಯದು ಕಂಪೈಲ್ ಲಿಸ್ಟಿಂಗ್, ಅಂದರೆ ಕಂಪೈಲರ್ ತಾನು ಓದಿದ ಸಾಲುಗಳನ್ನೂ ಸಂದೇಶಗಳನ್ನೂ ಮುದ್ರಿಸುವ ವರದಿ. ಎರಡನೆಯದು ಮೂಲ ಪ್ರೋಗ್ರಾಮ್ ಇರುವ ಮೆಂಬರ್, ಅಂದರೆ ಲೈಬ್ರರಿಯೊಳಗಿನ ಒಂದು ಕಡತ. ಮೂರನೆಯದು ಕಂಪೈಲ್ ಮಾಡಿದ ಜೆಸಿಎಲ್, ಅಂದರೆ ಯಾವ ಕೆಲಸವನ್ನು ಯಾವ ಕಡತಗಳೊಂದಿಗೆ ನಡೆಸಬೇಕು ಎಂದು ಮೇನ್‌ಫ್ರೇಮ್‌ಗೆ ಹೇಳುವ ಆದೇಶಗಳು. ಇದು ಕೊನೆಯ ಹಂತಗಳಲ್ಲಿ ಬೇಕಾಗುತ್ತದೆ. ಲಿಸ್ಟಿಂಗ್ ಇಲ್ಲದೆ, ಕೇವಲ ರಿಟರ್ನ್ ಕೋಡ್ (ಕೆಲಸದ ಫಲಿತಾಂಶ ಹೇಳುವ ಸಂಖ್ಯೆ) ನೋಡಿ ದೋಷ ಹುಡುಕಲು ಹೊರಡಬೇಡಿ.

ಹಂತ 1: ಮೊದಲ ಸಂದೇಶವನ್ನು ಮಾತ್ರ ಓದಿ

ಕಂಪೈಲರ್‌ನ ಪ್ರತಿಯೊಂದು ಸಂದೇಶವೂ ಐಜಿವೈ ಎಂಬ ಮೂರು ಅಕ್ಷರಗಳಿಂದ ಆರಂಭವಾಗುತ್ತದೆ. ನಂತರದ ಎರಡು ಅಕ್ಷರಗಳು ಕಂಪೈಲರ್‌ನ ಯಾವ ಘಟ್ಟ ಆ ದೋಷವನ್ನು ಕಂಡಿತು ಎಂಬುದನ್ನು ಹೇಳುತ್ತವೆ, ಆಮೇಲೆ ನಾಲ್ಕಂಕಿಯ ಸಂಖ್ಯೆ, ಕೊನೆಯಲ್ಲಿ ತೀವ್ರತೆಯ ಅಕ್ಷರ. ಆ ಅಕ್ಷರ ಐ ಆಗಿದ್ದರೆ ಮಾಹಿತಿ, ಡಬ್ಲ್ಯು ಆಗಿದ್ದರೆ ಎಚ್ಚರಿಕೆ, ಇ ಆಗಿದ್ದರೆ ದೋಷ, ಎಸ್ ಆಗಿದ್ದರೆ ಗಂಭೀರ ದೋಷ, ಯು ಆಗಿದ್ದರೆ ಕಂಪೈಲರ್ ಮುಂದುವರಿಯಲಾಗದ ಸ್ಥಿತಿ. ಇವುಗಳಿಗೆ ಕ್ರಮವಾಗಿ 0, 4, 8, 12 ಮತ್ತು 16 ರಿಟರ್ನ್ ಕೋಡ್‌ಗಳು.

ಮುಚ್ಚದೆ ಉಳಿದ ಒಂದೇ ಒಂದು ಕೋಟ್ ಲಿಸ್ಟಿಂಗ್‌ನ ಕೊನೆಯಲ್ಲಿ ಸಂದೇಶಗಳ ಉದ್ದನೆಯ ಪಟ್ಟಿಯನ್ನೇ ಹುಟ್ಟಿಸಬಲ್ಲದು. ಆ ಸಾಲಿನ ಪೂರ್ಣವಿರಾಮ ಕಂಪೈಲರ್‌ಗೆ ಕಾಣುವುದಿಲ್ಲ, ಆದ್ದರಿಂದ ಮುಂದಿನ ಸಾಲಿನಲ್ಲಿ ದೂರು. ಫೀಲ್ಡ್‌ಗಳನ್ನು, ಅಂದರೆ ಮೌಲ್ಯ ಇಡುವ ಜಾಗಗಳನ್ನು, ವಿವರಿಸುವ ಡೇಟಾ ಡಿವಿಷನ್‌ನಲ್ಲಾದರೆ ಆ ಫೀಲ್ಡ್‌ನ ವಿವರಣೆಯೇ ಕೈಬಿಟ್ಟುಹೋಗಬಹುದು, ಆಗ ಆ ಹೆಸರನ್ನು ಬಳಸಿದ ಪ್ರತಿಯೊಂದು ಕಡೆಯೂ ಇನ್ನೊಂದು ದೂರು. ಹೀಗಾಗಿ ಸಾಲಿನ ಸಂಖ್ಯೆಯ ಪ್ರಕಾರ ಎಲ್ಲಕ್ಕಿಂತ ಮೇಲಿರುವ ಸಂದೇಶವನ್ನು ಹಿಡಿಯಿರಿ, ಅದು ತೋರಿಸುವ ಸಾಲನ್ನೂ ಅದರ ಹಿಂದಿನ ಸಾಲನ್ನೂ ನೋಡಿ, ಸರಿಪಡಿಸಿ, ಮತ್ತೆ ಕಂಪೈಲ್ ಮಾಡಿ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸರಿಪಡಿಸುತ್ತಾ ಬರುವುದು ಶ್ರಮ ಮಾತ್ರ. ಅರ್ಧಕ್ಕರ್ಧ ಸಂದೇಶಗಳಿಗೆ ಸ್ವತಂತ್ರ ಕಾರಣವೇ ಇರುವುದಿಲ್ಲ.

ಫ್ಲ್ಯಾಗ್ ಎಂಬ ಕಂಪೈಲರ್ ಆಯ್ಕೆಗೆ ಎರಡನೆಯ ಮೌಲ್ಯವನ್ನೂ ಕೊಟ್ಟರೆ ಸಂದೇಶಗಳು ಸಂಬಂಧಪಟ್ಟ ಸಾಲಿನ ಕೆಳಗೇ ಅಚ್ಚಾಗುತ್ತವೆ. ಸೋರ್ಸ್ ಆಯ್ಕೆಯೂ ಜಾರಿಯಲ್ಲಿರಬೇಕು. ಲಿಟರಲ್ ದೋಷಗಳಿಗೆ ಇದು ಬಹಳ ಅನುಕೂಲ.

ಎಚ್ಚರಿಕೆ: ಇ ತೀವ್ರತೆಯ ದೋಷ ಬಂದಾಗ ಕಂಪೈಲರ್ ನಿಮ್ಮ ಉದ್ದೇಶವನ್ನು ಊಹಿಸಿ ತಾನೇ ತಿದ್ದಿಕೊಂಡು ಮುಂದುವರಿಯುತ್ತದೆ. ಲಿಟರಲ್‌ನ ಮಟ್ಟಿಗೆ ಆ ಊಹೆಯನ್ನು ನಂಬಬಾರದು. ರಿಟರ್ನ್ ಕೋಡ್ 8 ಬಂದರೂ ಲೋಡ್ ಮಾಡ್ಯೂಲ್ (ಓಡಿಸಬಲ್ಲ ಪ್ರೋಗ್ರಾಮ್) ತಯಾರಾಯಿತು ಎಂದು ಸಮಾಧಾನಪಟ್ಟುಕೊಳ್ಳಬೇಡಿ.

ಹಂತ 2: 72ನೇ ಕಾಲಮ್ ಪರೀಕ್ಷಿಸಿ

ಸ್ಥಿರ ವಿನ್ಯಾಸದಲ್ಲಿ 1ರಿಂದ 6ರವರೆಗಿನ ಕಾಲಮ್‌ಗಳು ಕ್ರಮಸಂಖ್ಯೆಗೆ, 7ನೆಯದು ಸೂಚಕ ಚಿಹ್ನೆಗೆ, 8ರಿಂದ 11 ಏರಿಯಾ ಎ, 12ರಿಂದ 72 ಏರಿಯಾ ಬಿ. 73ರಿಂದ 80ರವರೆಗೆ ಏನೇ ಬರೆದಿದ್ದರೂ ಕಂಪೈಲರ್ ಅದನ್ನು ಓದುವುದಿಲ್ಲ. ನಿಮ್ಮ ಪರದೆ ಮಾತ್ರ 80 ಕಾಲಮ್‌ಗಳನ್ನೂ ಒಂದೇ ಸಮನಾಗಿ ತೋರಿಸುತ್ತದೆ. ಪಠ್ಯ ಲಿಟರಲ್‌ಗಳ ಅತಿ ಸಾಮಾನ್ಯ ದೋಷ ಹುಟ್ಟುವುದೇ ಇಲ್ಲಿ.

ಒಂದು ಸಾಲನ್ನು ಎಣಿಸಿಯೇ ನೋಡೋಣ. ಡಿಸ್‌ಪ್ಲೇ ಆದೇಶವನ್ನು 12ನೇ ಕಾಲಮ್‌ನಲ್ಲಿ ಆರಂಭಿಸಿದರೆ ಅದರ ಏಳು ಇಂಗ್ಲಿಷ್ ಅಕ್ಷರಗಳು 18ಕ್ಕೆ ಮುಗಿಯುತ್ತವೆ. 19 ಖಾಲಿ, 20ರಲ್ಲಿ ತೆರೆಯುವ ಕೋಟ್, 21ರಿಂದ ಪಠ್ಯ. ಪಠ್ಯದಲ್ಲಿ 50 ಅಕ್ಷರಗಳಿದ್ದರೆ ಅದು 70ಕ್ಕೆ ಮುಗಿದು, ಮುಚ್ಚುವ ಕೋಟ್ 71ರಲ್ಲಿ, ಪೂರ್ಣವಿರಾಮ 72ರಲ್ಲಿ ಬರುತ್ತದೆ, ಎಲ್ಲವೂ ಸರಿ. ಪಠ್ಯ 52 ಅಕ್ಷರಗಳಾದರೆ ಮುಚ್ಚುವ ಕೋಟ್ 73ಕ್ಕೆ ಜಾರುತ್ತದೆ, ಲಿಟರಲ್ ಮುಚ್ಚಿಲ್ಲ ಎಂಬ ಸಂದೇಶ ಬರುತ್ತದೆ. ನಡುವಿನ 51 ಅಕ್ಷರಗಳ ಪ್ರಕರಣವೇ ಅಪಾಯಕಾರಿ. ಆಗ ಕೋಟ್ 72ರಲ್ಲಿ ಸರಿಯಾಗಿ ಮುಚ್ಚುತ್ತದೆ, ಪೂರ್ಣವಿರಾಮ ಮಾತ್ರ 73ರಲ್ಲಿ ಮಾಯವಾಗುತ್ತದೆ. ಆದೇಶಗಳಿರುವ ಪ್ರೊಸೀಜರ್ ಡಿವಿಷನ್‌ನಲ್ಲಿ ಪ್ಯಾರಾಗ್ರಾಫ್‌ನ ನಡುವೆ ಹೀಗಾದರೆ ಕಂಪೈಲರ್ ದೂರುವುದೇ ಇಲ್ಲ, ಏಕೆಂದರೆ ಒಂದೇ ವಾಕ್ಯದಲ್ಲಿ ಹಲವು ಆದೇಶಗಳಿರುವುದು ಕ್ರಮಬದ್ಧವೇ. ಆ ಸಾಲು ಎಂಡ್-ಇಫ್ ಇಲ್ಲದ ಹಳೆಯ ಶೈಲಿಯ ಇಫ್ ಒಳಗಿದ್ದು, ಪೂರ್ಣವಿರಾಮವೇ ಷರತ್ತನ್ನು ಮುಗಿಸಬೇಕಿದ್ದರೆ, ಮುಂದಿನ ಆದೇಶಗಳೂ ಸದ್ದಿಲ್ಲದೆ ಅದೇ ಷರತ್ತಿನೊಳಗೆ ಸೇರಿಕೊಳ್ಳುತ್ತವೆ.

ಪರೀಕ್ಷಿಸುವ ವಿಧಾನ ಸುಲಭ. ಎಡಿಟರ್‌ನಲ್ಲಿ ಸಾಲಿನ ಸಂಖ್ಯೆಯ ಜಾಗದಲ್ಲಿ ಕಾಲ್ಸ್ ಎಂದು ಬರೆದರೆ ಕಾಲಮ್ ಅಳತೆಪಟ್ಟಿ ಮೂಡುತ್ತದೆ. ಇಡೀ ಮೆಂಬರ್‌ನಲ್ಲಿ ಹುಡುಕಬೇಕಿದ್ದರೆ ಫೈಂಡ್ ಆದೇಶಕ್ಕೆ ಹುಡುಕುವ ಅಕ್ಷರದ ನಂತರ ಕಾಲಮ್ ವ್ಯಾಪ್ತಿಯನ್ನೂ ಕೊಡಿ: ಒಂಟಿ ಕೋಟನ್ನು ಜೋಡಿ ಕೋಟ್‌ಗಳ ನಡುವೆ ಇಟ್ಟು, 73 80 ಎಂಬ ವ್ಯಾಪ್ತಿಯನ್ನೂ ಆಲ್ ಎಂಬುದನ್ನೂ ಸೇರಿಸಿದರೆ ಗಡಿ ದಾಟಿದ ಕೋಟ್‌ಗಳೆಲ್ಲ ಸಿಗುತ್ತವೆ. ಜೋಡಿ ಕೋಟ್‌ಗೂ, ಪೂರ್ಣವಿರಾಮಕ್ಕೂ ಇದನ್ನೇ ಮತ್ತೆ ಮಾಡಿ. ಹಳೆಯ ಪ್ರೋಗ್ರಾಮ್‌ಗಳಲ್ಲಿ 73ರಿಂದ 80ರವರೆಗೆ ಕ್ರಮಸಂಖ್ಯೆಗಳೋ ಬದಲಾವಣೆಯ ಗುರುತುಗಳೋ ಇರುತ್ತವೆ. ಅವುಗಳಿಗೆ ಅಂಟಿಕೊಂಡ ಕೋಟ್ ಬರಿಗಣ್ಣಿಗೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ.

ಹಂತ 3: ಲಿಟರಲ್ ಎರಡು ಸಾಲಿಗೆ ಹರಿದಿದ್ದರೆ ಮುಂದುವರಿಕೆಯ ನಿಯಮ ನೋಡಿ

ಬೇರೆ ಭಾಷೆಗಳ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಿಯಮಗಳು ಹೀಗಿವೆ: ಮೊದಲ ಸಾಲಿನಲ್ಲಿ ಕೋಟ್ ಮುಚ್ಚಬಾರದು. ಮುಂದಿನ ಸಾಲಿನ 7ನೇ ಕಾಲಮ್‌ನಲ್ಲಿ ಅಡ್ಡಗೆರೆ (-) ಇರಬೇಕು. ಆ ಸಾಲಿನ ಏರಿಯಾ ಎ, ಅಂದರೆ 8ರಿಂದ 11, ಖಾಲಿಯಾಗಿರಬೇಕು. 12ನೇ ಕಾಲಮ್ ಅಥವಾ ಅದರ ಬಲಕ್ಕೆ ಬರುವ ಮೊದಲ ಗುರುತು ಕೋಟ್ ಆಗಿರಬೇಕು. ಲಿಟರಲ್ ಒಂಟಿ ಕೋಟ್‌ನಿಂದ ತೆರೆದಿದ್ದರೆ ಇಲ್ಲಿಯೂ ಒಂಟಿ ಕೋಟ್, ಜೋಡಿಯಿಂದ ತೆರೆದಿದ್ದರೆ ಜೋಡಿ. ಆ ಕೋಟ್‌ನ ಮುಂದಿನಿಂದ ಪಠ್ಯ ಮುಂದುವರಿಯುತ್ತದೆ.

ಇಲ್ಲಿ ಜನ ಎಡವುವ ಜಾಗಗಳು ನಾಲ್ಕು. ಅಡ್ಡಗೆರೆ 6 ಅಥವಾ 8ನೇ ಕಾಲಮ್‌ಗೆ ಸರಿದಿರುವುದು ಮೊದಲನೆಯದು. ಮೊದಲ ಸಾಲಿನಲ್ಲಿಯೂ ಅಚ್ಚುಕಟ್ಟಾಗಿ ಕೋಟ್ ಮುಚ್ಚಿಬಿಡುವುದು ಎರಡನೆಯದು. ಆಗ ಮುಂದಿನ ಸಾಲು ಏನನ್ನು ಮುಂದುವರಿಸುತ್ತಿದೆ ಎಂಬುದೇ ಗೊಂದಲವಾಗುತ್ತದೆ. ಮೂರನೆಯದು ದೋಷಸಂದೇಶವೇ ಬಾರದ ತಪ್ಪು: ಮುಂದುವರಿಯುವ ಲಿಟರಲ್ ಮೊದಲ ಸಾಲಿನ 72ನೇ ಕಾಲಮ್‌ವರೆಗೂ ವ್ಯಾಪಿಸುತ್ತದೆ. ನೀವು ಪಠ್ಯವನ್ನು 60ಕ್ಕೆ ನಿಲ್ಲಿಸಿದರೆ 61ರಿಂದ 72ರವರೆಗಿನ 12 ಖಾಲಿ ಜಾಗಗಳೂ ಲಿಟರಲ್‌ನ ಭಾಗವೇ. ವರದಿಯ ಶೀರ್ಷಿಕೆಯ ನಡುವೆ ಕಾರಣವಿಲ್ಲದ ಅಂತರ ಕಂಡರೆ ಮೊದಲು ಇದನ್ನು ಅನುಮಾನಿಸಿ. ಆ 12 ಜಾಗಗಳಿಂದಾಗಿ ಲಿಟರಲ್ ಫೀಲ್ಡ್‌ಗಿಂತ ಉದ್ದವಾಗಿ, ಆರಂಭಿಕ ಮೌಲ್ಯ ಕೊಡುವ ವ್ಯಾಲ್ಯೂ ವಾಕ್ಯದಲ್ಲಿ ದೋಷ ಬರುವುದೂ ಉಂಟು. ನಾಲ್ಕನೆಯದು ಅಪರೂಪದ್ದು. ಪಠ್ಯದೊಳಗೇ ಇರಬೇಕಾದ ಕೋಟ್ ಸರಿಯಾಗಿ 72ನೇ ಕಾಲಮ್‌ನಲ್ಲಿ ಬಂದರೆ, ಮುಂದುವರಿಕೆಯ ಸಾಲು ಎರಡು ಕೋಟ್‌ಗಳಿಂದ ಆರಂಭವಾಗಬೇಕು. ಆಗ ಮೌಲ್ಯದಲ್ಲಿ ಒಂದು ಕೋಟ್ ಉಳಿಯುತ್ತದೆ.

ಈ ಮುಂದುವರಿಕೆಯನ್ನು ಸಾಧ್ಯವಾದಷ್ಟು ಬಳಸದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಾರೋ ಒಬ್ಬರು ಸಾಲನ್ನು ಎರಡು ಕಾಲಮ್ ಎಡಕ್ಕೆ ಸರಿಸಿದರೂ ಮೌಲ್ಯ ಬದಲಾಗುವಂಥ ಬರವಣಿಗೆಯನ್ನು ಉಳಿಸಿಕೊಳ್ಳುವುದರಲ್ಲಿ ಲಾಭವಿಲ್ಲ. ಬದಲಿಗೆ ಡೇಟಾ ಡಿವಿಷನ್‌ನ ವರ್ಕಿಂಗ್-ಸ್ಟೋರೇಜ್ ಭಾಗದಲ್ಲಿ 01 ಮಟ್ಟದ ಒಂದು ಗುಂಪು ಮಾಡಿ, ಅದರ ಕೆಳಗೆ 05 ಮಟ್ಟದಲ್ಲಿ ಹಲವು ಫಿಲ್ಲರ್‌ಗಳನ್ನು ಇಟ್ಟು, ಪ್ರತಿಯೊಂದಕ್ಕೂ ಒಂದು ಸಾಲಿನಲ್ಲಿ ಹಿಡಿಸುವಷ್ಟು ಪಠ್ಯವನ್ನು ಕೊಡಿ. ಫಿಲ್ಲರ್ ಎಂದರೆ ಹೆಸರಿಟ್ಟು ಕರೆಯುವ ಅಗತ್ಯವಿಲ್ಲದ ಫೀಲ್ಡ್. ಪಠ್ಯ ಫೀಲ್ಡ್‌ಗಿಂತ ಚಿಕ್ಕದಾಗಿದ್ದರೆ ಬಲಕ್ಕೆ ಖಾಲಿ ಜಾಗ ತುಂಬಿಕೊಳ್ಳುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಓಡುವ ಹೊತ್ತಿಗೆ ಜೋಡಿಸಬೇಕಿದ್ದರೆ ಸ್ಟ್ರಿಂಗ್ ಆದೇಶವಿದೆ. ಆದರೆ ಅದು ಗುರಿಯ ಫೀಲ್ಡ್‌ನಲ್ಲಿ ಉಳಿದ ಭಾಗವನ್ನು ಅಳಿಸುವುದಿಲ್ಲವಾದ್ದರಿಂದ ಮೊದಲು ಸ್ಪೇಸಸ್ (ಖಾಲಿ ಜಾಗಗಳು ಎಂಬರ್ಥದ ಕೋಬಾಲ್ ಪದ) ಹಾಕಿಕೊಳ್ಳಿ.

ಹಂತ 4: ಪಠ್ಯದೊಳಗಿನ ಕೋಟ್

ಒಂಟಿ ಕೋಟ್‌ಗಳ ನಡುವಿನ ಪಠ್ಯದಲ್ಲಿ ಒಂಟಿ ಕೋಟ್ ಬೇಕಾದರೆ ಅದನ್ನು ಎರಡು ಸಲ ಬರೆಯಬೇಕು. ಅಂದರೆ '5 ಓ''ಕ್ಲಾಕ್' ಎಂದು ಬರೆದರೆ ಮೌಲ್ಯದಲ್ಲಿ ಒಂದೇ ಕೋಟ್ ಇರುತ್ತದೆ, ಉದ್ದವನ್ನೆಣಿಸುವಾಗಲೂ ಅದು ಒಂದೇ ಅಕ್ಷರ. ಇನ್ನೊಂದು ದಾರಿ, ಹೊರಗೆ ಜೋಡಿ ಕೋಟ್ ಬಳಸಿ ಒಳಗೆ ಒಂಟಿ ಕೋಟನ್ನು ಹಾಗೆಯೇ ಬಿಡುವುದು. ಹಿಂಬದಿ ಗೆರೆ (\) ಹಾಕಿ ಕೋಟನ್ನು ತಪ್ಪಿಸುವ ಸಿ ಮತ್ತು ಜಾವಾ ಭಾಷೆಗಳ ರೂಢಿ ಕೋಬಾಲ್‌ಗೆ ಗೊತ್ತಿಲ್ಲ. ಆ ಗೆರೆ ಪಠ್ಯದ ಅಕ್ಷರವಾಗಿ ಉಳಿದು, ಮುಂದಿನ ಕೋಟ್ ಲಿಟರಲನ್ನು ಮುಚ್ಚಿಬಿಡುತ್ತದೆ. ಎರಡು ಒಂಟಿ ಕೋಟ್‌ಗಳೂ ಒಂದು ಜೋಡಿ ಕೋಟೂ ಕೆಲವು ಫಾಂಟ್‌ಗಳಲ್ಲಿ ಒಂದೇ ರೀತಿ ಕಾಣುತ್ತವೆ. ಅನುಮಾನ ಬಂದರೆ ಕರ್ಸರ್ ಸರಿಸಿ ಎಣಿಸಿ.

ಹಂತ 5: ಬೈಟ್‌ಗಳನ್ನೇ ನೋಡಿ

ಕಾಲಮ್‌ಗಳು ಸರಿ, ಕೋಟ್‌ಗಳ ಲೆಕ್ಕವೂ ಸರಿ, ಆದರೂ ದೋಷ ಉಳಿದಿದ್ದರೆ ಆ ಸಾಲು ಎಲ್ಲಿಂದಲೋ ನಕಲಾಗಿ ಬಂದಿರುವ ಸಾಧ್ಯತೆ ಹೆಚ್ಚು. ಪದಸಂಸ್ಕಾರಕಗಳೂ ಇಮೇಲ್ ತಂತ್ರಾಂಶಗಳೂ ನೇರ ಕೋಟನ್ನು ಬಾಗಿದ ಕೋಟ್ ಆಗಿ ತಾವಾಗಿಯೇ ಬದಲಿಸುತ್ತವೆ. ಕಂಪೈಲರ್‌ಗೆ ಬಾಗಿದ ಕೋಟ್ ಎಂಬುದು ಕೋಟ್ ಅಲ್ಲ.

ಮೇನ್‌ಫ್ರೇಮ್ ಬಳಸುವ ಎಬ್ಸಿಡಿಕ್ ಅಕ್ಷರ ಸಂಕೇತದಲ್ಲಿ ಒಂಟಿ ಕೋಟ್‌ನ ಬೈಟ್ ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) 7ಡಿ, ಜೋಡಿ ಕೋಟ್‌ನದು 7ಎಫ್, ಖಾಲಿ ಜಾಗದ್ದು 40, ಅಡ್ಡಗೆರೆಯದು 60. ಎಡಿಟರ್‌ನಲ್ಲಿ ಹೆಕ್ಸ್ ಆನ್ ಎಂದು ಕೊಟ್ಟರೆ ಪ್ರತಿ ಸಾಲಿನ ಕೆಳಗೆ ಎರಡು ಸಾಲು ಅಂಕಿಗಳು ಮೂಡುತ್ತವೆ, ಅವನ್ನು ಮೇಲಿಂದ ಕೆಳಕ್ಕೆ ಓದಬೇಕು: ಒಂಟಿ ಕೋಟ್‌ನ ಕೆಳಗೆ 7, ಅದರ ಕೆಳಗೆ ಡಿ ಇದ್ದರೆ ಅದು ನಿಜವಾದ ಕೋಟ್. ಬೇರೇನಿದ್ದರೂ ಅಳಿಸಿ, ಕೀಲಿಮಣೆಯಿಂದ ಹೊಸದಾಗಿ ಒತ್ತಿ. 40 ಇರಬೇಕಾದ ಕಡೆ 41 ಕಂಡರೆ ಅದು ಸಾಲು ಮುರಿಯದ ಖಾಲಿ ಜಾಗ, 05 ಕಂಡರೆ ಟ್ಯಾಬ್. ಪಿಸಿಯ ಎಡಿಟರ್‌ನಲ್ಲಿ ಟ್ಯಾಬ್ ಹಲವು ಕಾಲಮ್‌ಗಳಷ್ಟು ಅಗಲ ಕಾಣುತ್ತದೆ, ಮೇನ್‌ಫ್ರೇಮ್‌ಗೆ ಬಂದಾಗ ಅದು ಒಂದೇ ಬೈಟ್. ಹೀಗಾಗಿ ಸಾಲಿನ ಉಳಿದದ್ದೆಲ್ಲ ಎಡಕ್ಕೆ ಸರಿದು 7ನೇ ಕಾಲಮ್‌ನ ಅಡ್ಡಗೆರೆಯೂ ಸ್ಥಾನ ತಪ್ಪುತ್ತದೆ. ಪರದೆಯಲ್ಲಿ ಮೂಡದ ಬೈಟ್‌ಗಳನ್ನೆಲ್ಲ ಒಟ್ಟಿಗೆ ಹುಡುಕಲು ಫೈಂಡ್ ಆದೇಶಕ್ಕೆ ಪಿ ಅಕ್ಷರವನ್ನೂ ಅದರ ಪಕ್ಕದಲ್ಲಿ ಕೋಟ್‌ಗಳ ನಡುವೆ ಒಂದು ಚುಕ್ಕೆಯನ್ನೂ ಕೊಡಿ.

ಕೋಡ್‌ಪೇಜ್ ಕುರಿತು ಒಂದು ಮಾತು. ಕೋಡ್‌ಪೇಜ್ ಎಂದರೆ ಯಾವ ಬೈಟ್ ಯಾವ ಅಕ್ಷರ ಎಂದು ಹೇಳುವ ಕೋಷ್ಟಕ. ಜೋಡಿ ಕೋಟ್ ಎಲ್ಲ ಕೋಷ್ಟಕಗಳಲ್ಲೂ 7ಎಫ್ ಆಗಿರುವುದಿಲ್ಲ; ತುರ್ಕಿ ಭಾಷೆಯ 1026 ಕೋಡ್‌ಪೇಜ್‌ನಲ್ಲಿ ಅದು ಎಫ್‌ಸಿ. ಒಂಟಿ ಕೋಟ್ ಅಲ್ಲಿಯೂ 7ಡಿ ಆಗಿಯೇ ಉಳಿದಿದೆ. ಹಲವು ದೇಶಗಳ ತಂಡಗಳು ಮುಟ್ಟುವ ಪ್ರೋಗ್ರಾಮ್‌ಗಳಲ್ಲಿ ಒಂಟಿ ಕೋಟನ್ನೇ ಬಳಸಿರಿ ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಎಚ್ಚರಿಕೆ: ನಿಯಂತ್ರಣ ಬೈಟ್‌ಗಳನ್ನು ಕೋಟ್‌ಗಳ ನಡುವೆ ಹಾಗೆಯೇ ಇಡಬೇಡಿ. ಡಿಬಿಸಿಎಸ್ ಆಯ್ಕೆ ಜಾರಿಯಲ್ಲಿದ್ದರೆ 0ಇ ಮತ್ತು 0ಎಫ್ ಬೈಟ್‌ಗಳನ್ನು ಕಂಪೈಲರ್ ಎರಡು ಬೈಟ್‌ನ ಅಕ್ಷರಗಳ ಆರಂಭ ಮತ್ತು ಅಂತ್ಯದ ಗುರುತು ಎಂದು ತಿಳಿಯುತ್ತದೆ. ಅಂಥ ಮೌಲ್ಯ ಬೇಕಿದ್ದರೆ ತೆರೆಯುವ ಕೋಟ್‌ಗಿಂತ ಮೊದಲು ಎಕ್ಸ್ ಅಕ್ಷರವಿಟ್ಟು ಹೆಕ್ಸ್ ಲಿಟರಲ್ ಬರೆಯಿರಿ. ಅದರಲ್ಲಿ ಅಂಕಿಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕು.

ಹಂತ 6: ಉದ್ದ, ಖಾಲಿತನ ಮತ್ತು ಜಾತಿ

ಎಂಟರ್‌ಪ್ರೈಸ್ ಕೋಬಾಲ್‌ನಲ್ಲಿ ಸಾಮಾನ್ಯ ಪಠ್ಯ ಲಿಟರಲ್‌ನ ಗರಿಷ್ಠ ಉದ್ದ 160 ಬೈಟ್. ಕನಿಷ್ಠ 1 ಬೈಟ್, ಆದ್ದರಿಂದ ಒಳಗೆ ಏನೂ ಇಲ್ಲದ ಕೋಟ್ ಜೋಡಿ ನಡೆಯದು, ಸ್ಪೇಸಸ್ ಬಳಸಿ.

ಫೀಲ್ಡ್‌ನ ಜಾತಿಗೂ ಲಿಟರಲ್‌ಗೂ ಹೊಂದಿಕೆ ಇರಬೇಕು. ಪಿಕ್ 9(4) ಎಂಬ ಅಂಕಿಯ ಫೀಲ್ಡ್‌ಗೆ ವ್ಯಾಲ್ಯೂ '2024' ಎಂದೋ, ಪಿಕ್ ಎಕ್ಸ್(4) ಎಂಬ ಪಠ್ಯದ ಫೀಲ್ಡ್‌ಗೆ ಕೋಟ್ ಇಲ್ಲದೆ 2024 ಎಂದೋ ಬರೆದರೆ ಐಜಿವೈಜಿಆರ್1080-ಎಸ್ ಸಂದೇಶ ಬರುತ್ತದೆ: ಲಿಟರಲ್ ಆ ಫೀಲ್ಡ್‌ನ ವರ್ಗಕ್ಕೆ ಹೊಂದುವುದಿಲ್ಲ, ವ್ಯಾಲ್ಯೂ ವಾಕ್ಯವನ್ನು ಕೈಬಿಡಲಾಗಿದೆ ಎಂದು ಅದರ ಅರ್ಥ. ಇನ್ನು ಐಜಿವೈಪಿಎಸ್2121-ಎಸ್ ಬಂದರೆ, ಕಂಪೈಲರ್ ಒಂದು ಪದವನ್ನು ಫೀಲ್ಡ್‌ನ ಹೆಸರೆಂದು ಭಾವಿಸಿ ಹುಡುಕಿದೆ, ಸಿಕ್ಕಿಲ್ಲ. ಸಂದೇಶದಲ್ಲಿ ಕಾಣುವ ಆ ಪದ ನೀವು ಪಠ್ಯವೆಂದು ಬರೆದದ್ದೇ ಆಗಿದ್ದರೆ ಕೋಟ್ ಮರೆತಿದ್ದೀರಿ, ಇಲ್ಲವೇ ಅದರ ಸುತ್ತಲಿರುವುದು ಬಾಗಿದ ಕೋಟ್.

ಹಂತ 7: ಆಯ್ಕೆಗಳು ಮತ್ತು ಕಂಪೈಲರ್‌ಗಿಂತ ಮೊದಲಿನ ಹೆಜ್ಜೆಗಳು

ಅಪಾಸ್ಟ್ ಮತ್ತು ಕೋಟ್ ಎಂಬ ಎರಡು ಕಂಪೈಲರ್ ಆಯ್ಕೆಗಳ ಸುತ್ತ ಹಳೆಯ ಗೊಂದಲವೊಂದು ಇನ್ನೂ ಉಳಿದಿದೆ. ಇಂದಿನ ಎಂಟರ್‌ಪ್ರೈಸ್ ಕೋಬಾಲ್‌ನಲ್ಲಿ ಇವು ಕೋಟ್ ಎಂಬ ಸಾಂಕೇತಿಕ ಸ್ಥಿರಾಂಕ (ಮೌಲ್ಯದ ಬದಲು ಬರೆಯುವ ಸಿದ್ಧ ಪದ) ಯಾವ ಗುರುತಾಗಬೇಕು ಎಂಬುದನ್ನು ಮಾತ್ರ ನಿರ್ಧರಿಸುತ್ತವೆ. ಲಿಟರಲ್‌ಗಳನ್ನು ಒಂಟಿ ಅಥವಾ ಜೋಡಿ, ಎರಡರಲ್ಲಿ ಯಾವುದರಿಂದಲಾದರೂ ಸುತ್ತಬಹುದು. ಆದ್ದರಿಂದ ಮುಚ್ಚದ ಲಿಟರಲ್‌ನ ದೋಷಕ್ಕೆ ಈ ಆಯ್ಕೆಯನ್ನು ಬದಲಿಸಿ ನೋಡುವುದು ವ್ಯರ್ಥ.

ಆದರೆ ಕಂಪೈಲರ್‌ಗಿಂತ ಮೊದಲು ಮೂಲವನ್ನು ಮಾರ್ಪಡಿಸುವ, ಸಿಐಸಿಎಸ್‌ನ (ವ್ಯವಹಾರ ನಿರ್ವಹಣೆಯ ತಂತ್ರಾಂಶ) ಪ್ರತ್ಯೇಕ ಟ್ರಾನ್ಸ್‌ಲೇಟರ್ ಮತ್ತು ಡಿಬಿ2ರ (ಡೇಟಾಬೇಸ್) ಪ್ರಿಕಂಪೈಲರ್‌ಗಳಿಗೆ ಇದೇ ಹೆಸರಿನ ಸ್ವಂತ ಆಯ್ಕೆಗಳಿವೆ, ಅಲ್ಲಿ ಅವು ನಿಜಕ್ಕೂ ಯಾವ ಗುರುತನ್ನು ಲಿಟರಲ್‌ನ ಗಡಿಯೆಂದು ಗುರುತಿಸಬೇಕು ಎಂದು ಹೇಳುತ್ತವೆ. ಪ್ರೋಗ್ರಾಮ್ ಈ ಹೆಜ್ಜೆಗಳನ್ನು ದಾಟಿ ಬರುವುದಾದರೆ ದೋಷ ಯಾವ ಹೆಜ್ಜೆಯಲ್ಲಿ ಬಂತು ಎಂದು ಜೆಸಿಎಲ್ ಔಟ್‌ಪುಟ್‌ನಲ್ಲಿ ಮೊದಲು ಖಚಿತಪಡಿಸಿಕೊಳ್ಳಿ, ಎಲ್ಲ ಹೆಜ್ಜೆಗಳಿಗೂ ಒಂದೇ ಆಯ್ಕೆ ಕೊಡಿ. ಈ ಸಂದರ್ಭದಲ್ಲಿ ಕಂಪೈಲರ್ ಓದುವುದು ಮಾರ್ಪಟ್ಟ ಮೂಲವನ್ನು. ಅದರ ಸಾಲು ಸಂಖ್ಯೆಗಳು ನಿಮ್ಮ ಮೆಂಬರ್‌ನ ಸಂಖ್ಯೆಗಳಿಗೆ ತಾಳೆಯಾಗುವುದಿಲ್ಲ. ಎಸ್‌ಕ್ಯುಎಲ್ ಆದೇಶದ ಒಳಗಂತೂ ಸಾಮಾನ್ಯವಾಗಿ ಪಠ್ಯಕ್ಕೆ ಒಂಟಿ ಕೋಟ್. ಜೋಡಿ ಕೋಟ್ ಕಾಲಮ್ ಅಥವಾ ಟೇಬಲ್‌ನಂಥ ಹೆಸರುಗಳಿಗೆ.

ಹಂತ 8: ಕಾಪಿಬುಕ್‌ನಿಂದ ಬಂದ ಲಿಟರಲ್

ಕಾಪಿಬುಕ್ ಎಂದರೆ ಕಾಪಿ ಆದೇಶದ ಮೂಲಕ ಹಲವು ಪ್ರೋಗ್ರಾಮ್‌ಗಳು ಸೇರಿಸಿಕೊಳ್ಳುವ ಸಾಮಾನ್ಯ ಮೂಲಭಾಗ. ಲಿಸ್ಟಿಂಗ್‌ನಲ್ಲಿ ಸಾಲಿನ ಸಂಖ್ಯೆಯ ಪಕ್ಕ ಸಿ ಎಂಬ ಅಕ್ಷರವಿದ್ದರೆ ಆ ಸಾಲು ಅಲ್ಲಿಂದ ಬಂದದ್ದು. ಅಂಥ ಸಾಲಿಗೂ 72ನೇ ಕಾಲಮ್‌ನ ನಿಯಮವೇ ಅನ್ವಯಿಸುತ್ತದೆ.

ಸೇರಿಸಿಕೊಳ್ಳುವಾಗ ಪದಗಳನ್ನು ಬದಲಿಸುವ ರಿಪ್ಲೇಸಿಂಗ್ ಬಳಸಿದ್ದರೆ ಒಂದು ಮಿತಿಯನ್ನು ತಿಳಿದಿರಿ. ಲಿಟರಲ್ ಪೂರ್ತಿಯಾಗಿ ಒಂದೇ ಪದದಂತೆ ಪರಿಗಣಿತವಾಗುತ್ತದೆ, ಅದರ ಒಳಗಿನ ತುಣುಕನ್ನು ಬದಲಿಸಲಾಗದು. ಕೋಟ್‌ಗಳ ನಡುವೆ ಇಟ್ಟ ಬದಲಿ ಗುರುತು ಹಾಗೆಯೇ ಉಳಿದಿದ್ದರೆ ಕಂಪೈಲರ್‌ನ ದೋಷವಲ್ಲ. ಇಡೀ ಲಿಟರಲನ್ನೇ, ಕೋಟ್‌ಗಳ ಸಮೇತ, ಬದಲಿಗೆ ಕೊಡಬೇಕು.

ಕಾಪಿಬುಕ್ ತಿದ್ದಿದ ಮೇಲೂ ಅದೇ ಸಾಲಿನಲ್ಲಿ ಅದೇ ದೋಷ ಬಂದರೆ ನೀವು ತಿದ್ದಿದ ಮೆಂಬರ್ ಬೇರೆ, ಕಂಪೈಲರ್ ಓದಿದ ಮೆಂಬರ್ ಬೇರೆ. ಜೆಸಿಎಲ್‌ನ ಸಿಸ್‌ಲಿಬ್ ಡಿಡಿಯಲ್ಲಿ (ಕಾಪಿಬುಕ್‌ಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಸಾಲು) ಸಾಲಾಗಿ ಕೊಟ್ಟಿರುವ ಲೈಬ್ರರಿಗಳಲ್ಲಿ ಆ ಹೆಸರಿನ ಮೆಂಬರ್ ಮೊದಲು ಎಲ್ಲಿ ಸಿಗುತ್ತದೋ ಅದನ್ನೇ ಕಂಪೈಲರ್ ತೆಗೆದುಕೊಳ್ಳುತ್ತದೆ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ತೆರೆದು ನೋಡಿ. ಹಳೆಯ ಪ್ರತಿ ನಿಮ್ಮ ಲೈಬ್ರರಿಗಿಂತ ಮೇಲೆ ಸಿಕ್ಕರೆ ನಿಮ್ಮದನ್ನು ಮೊದಲ ಸ್ಥಾನಕ್ಕೆ ತಂದು ಮತ್ತೆ ಕಂಪೈಲ್ ಮಾಡಿ, ಹೊಸ ಲಿಸ್ಟಿಂಗ್‌ನಲ್ಲಿ ಸಿ ಗುರುತಿನ ಆ ಸಾಲು ಬದಲಾಗಿದೆಯೇ ಎಂದು ಪರಿಶೀಲಿಸಿ.